ಕಣದಲ್ಲಿ ಕೂಲಿಗೆ ಹೆದರಿ ಓಡಿದವನು

ತಿಳವಳ್ಳಿಯ ಕೆರೆಯ ಕೆಳಗಿನ ಕಣದಲ್ಲಿ, ಮೇಟಿಕಂಬಕ್ಕೆ ಪೂರ್ವದಲ್ಲಿ, ಹುಲ್ಲಿನ ಬಣವೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ೧೯೭೮ರ ಡಿಸೆಂಬರ್ ತಿಂಗಳ ಒಂದು ಗುರುವಾರ. ಹಾನಗಲ್ಲಿನಿಂದ ಬರುವ ಮಧ್ಯಾಹ್ನದ ಬಸ್ಸು ಬಂದು ಹೋಗಿತ್ತು, ಅದರ ಧೂಳು ಇನ್ನೂ ರಸ್ತೆಯ ಮೇಲೆ ಆಡುತ್ತಿತ್ತು. ಬಿಸಿಲು ನನ್ನ ಎಡಗೆನ್ನೆಗೆ ಬೀಳುತ್ತಿತ್ತು. ಆದ್ದರಿಂದ ಕಣ್ಣು ಕುಕ್ಕಿ ಏನೋ ತಪ್ಪು ನೋಡಿದ ಎಂದು ನನ್ನ ಬಗ್ಗೆ ಯಾರೂ ಹೇಳುವಂತಿಲ್ಲ.

ಅಲ್ಲಿಂದ ಕಂಡದ್ದು ಇಷ್ಟು. ಒಬ್ಬ ಎತ್ತರದ ಯುವಕ ಮೇಟಿಯ ಸುತ್ತ ಓಡುತ್ತಿದ್ದ. ಅವನ ಹಿಂದೆ, ಮೊರದ ತುಂಬ ಭತ್ತ ಹಿಡಿದುಕೊಂಡು, ಕಣದ ಒಡತಿಯಾದ ಮುದುಕಿ ಓಡುತ್ತಿದ್ದಳು. ದಾರಿಯಲ್ಲಿ ಹೋಗುವವರಿಗೆ ಅವನು ಭತ್ತ ಕದ್ದವನಂತೆ ಕಾಣಬಹುದಿತ್ತು. ಹಾಗಲ್ಲ. ಮುದುಕಿ ಕೊಡುವುದಕ್ಕೆ ಓಡುತ್ತಿದ್ದಳು. ಅವನು ತೆಗೆದುಕೊಳ್ಳದೆ ಇರುವುದಕ್ಕೆ ಓಡುತ್ತಿದ್ದ. ಮುದುಕಿಯ ಕೈಗೆ ಸಿಕ್ಕರೆ ಅವನು ಪರೀಕ್ಷೆ ಬರೆಯದೆ ಮುಂಬಯಿಯಲ್ಲಿ ಹಡಗು ಹತ್ತಬೇಕಾಗುತ್ತಿತ್ತು. ಇದು ಅವನಿಗೂ ನನಗೂ ಗೊತ್ತಿತ್ತು. ಮುದುಕಿಗೆ ಹೇಳಿದ್ದೆವು, ಅವಳು ನಂಬಿರಲಿಲ್ಲ.

ಆಗ ನಾನು ತಿಳವಳ್ಳಿಯಲ್ಲಿ ಗ್ರಾಮಸೇವಕ. ಬೀಜ ಗೊಬ್ಬರಗಳ ವಿಷಯವನ್ನು ರೈತರಿಗೆ ತಿಳಿಸುವುದು ನನ್ನ ಕೆಲಸ. ರೈತರಿಗೆ ಅದು ಮೊದಲೇ ತಿಳಿದಿರುತ್ತಿದ್ದುದರಿಂದ ಕೆಲಸ ಕಷ್ಟದ್ದಾಗಿರಲಿಲ್ಲ. ಆ ಸುಗ್ಗಿಗೆ ಧಾರವಾಡದಿಂದ ಒಬ್ಬ ಕೃಷಿ ವಿದ್ಯಾರ್ಥಿಯನ್ನು ನನ್ನ ಬಳಿ ಕಳಿಸಿದರು. ಟಾಂಜಾನಿಯಾ ದೇಶದವನು, ಕೊನೆಯ ವರ್ಷದವನು. ಹಳ್ಳಿಯಲ್ಲಿ ಒಂದು ಸುಗ್ಗಿ ಕಳೆದು, ಕೈಯಾರೆ ಕೆಲಸ ಮಾಡಿ, ಮರಳಿ ಹೋಗಿ ಪರೀಕ್ಷೆ ಬರೆದರೆ ಅವನ ಓದು ಮುಗಿಯುತ್ತಿತ್ತು. ಅವನ ಊರಿನಿಂದ ಅಷ್ಟು ದೂರ ಓದಲು ಹೋದವನು ಅವನೊಬ್ಬನೇ. ಅವನು ಮರಳಿ ಬಂದ ಮೇಲೆ ಯಾವ ಹೊಲದಲ್ಲಿ ಮೊದಲು ಭತ್ತ ನೆಡಬೇಕೆಂದು ಅಲ್ಲಿಯ ಹಿರಿಯರು ಆಗಲೇ ಜಗಳ ಶುರು ಮಾಡಿದ್ದರಂತೆ.

ಅವನು ಕನ್ನಡ ಕಲಿತದ್ದು ಹಾಸ್ಟೆಲ್ಲಿನ ಅಡುಗೆಯವರಿಂದ. ಆದ್ದರಿಂದ ಅವನ ಮಾತಿನಲ್ಲಿ ಬಡಿಸುವ ಮಾತುಗಳೇ ಹೆಚ್ಚು. ಹೊಲದಲ್ಲಿ ಕುಡುಗೋಲು ಹಿಡಿದು ನಿಂತವರನ್ನೂ "ಸಾವಕಾಶ ಆಗ್ಲಿರಿ" ಎಂದು ಮಾತನಾಡಿಸುತ್ತಿದ್ದ. ಊರವರು ಅವನನ್ನು ಧಾರವಾಡದಾಂವ ಎಂದು ಕರೆದರು. ಬಂದದ್ದು ಧಾರವಾಡದಿಂದ ತಾನೆ. ಅದರ ಆಚೆಗಿನದನ್ನು ಯಾರೂ ಕೇಳಲಿಲ್ಲ.

ಅವನನ್ನು ಕರೆತರಲು ನಾನು ಯಲವಿಗಿ ಸ್ಟೇಷನ್ನಿಗೆ ಹೋಗಿದ್ದೆ. ಅಲ್ಲಿಂದ ಸವಣೂರಿಗೆ ಬಂದು, ಹಾನಗಲ್ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ತಿಳಿದ ಮೇಲೆ, ಅಲ್ಲಿಯ ಮಠದ ಅಂಗಳದ ದೊಡ್ಡ ಹುಣಸೆ ಮರಗಳನ್ನು ತೋರಿಸೋಣವೆಂದು ಕರೆದುಕೊಂಡು ಹೋದೆ. ನಮ್ಮ ಕಡೆಯವರು ಊರಿಗೆ ಬಂದ ಪಾಹುಣೆಯರಿಗೆ ತೋರಿಸುವುದು ಅವನ್ನೇ. ಆನೆಯ ಹೊಟ್ಟೆಯಂಥ ಬೊಡ್ಡೆ, ಮೇಲೆ ಬೇರಿನಂಥ ಕೊಂಬೆಗಳು. ನಿಜಕ್ಕೆ ಹುಣಸೆಯ ಜಾತಿಯೇ ಅಲ್ಲ, ಹುಳಿ ಕಾಯಿ ಬಿಡುತ್ತದೆಂದು ಅದಕ್ಕೆ ಆ ಹೆಸರು. ಅವನು ಮರವನ್ನು ನೋಡಿ ಕೈಚೀಲ ಕೆಳಗಿಟ್ಟ. ಬೊಡ್ಡೆಗೆ ಎರಡೂ ಅಂಗೈ ಊರಿ ನಗತೊಡಗಿದ. ಬಹಳ ಹೊತ್ತು ನಕ್ಕ.

"ಇದು ನಮ್ಮೂರಿನದ್ರಿ," ಎಂದ.

ಪಕ್ಕದಲ್ಲಿ ಟಾಂಗಾದವನೊಬ್ಬ ಕುದುರೆಗೆ ಹುಲ್ಲು ಹಾಕುತ್ತಿದ್ದ. ಅವನಿಗೆ ಇದು ಸೇರಲಿಲ್ಲ. "ನಮ್ಮ ಅಜ್ಜನ ಅಜ್ಜ ಇದ್ದಾಗಿಂದ ಇಲ್ಲೇ ಐತಿ. ನಿಮ್ಮದು ಹೆಂಗ ಆಕ್ಕೈತಿ?"

"ನಮ್ಮ ಮನಿ ಮುಂದ ಐತ್ರಿ ಇಂಥಾದ್ದು. ಎಂಬುಯು ಅಂತೇವಿ."

"ನಿಮ್ಮದಾದ್ರ ಒಯ್ರಿ ಮತ್ತ. ನಾ ಏನ್ ಅಡ್ಡ ಬರಂಗಿಲ್ಲ," ಎಂದ ಟಾಂಗಾದವ.

ಹಾನಗಲ್ಲಿನಲ್ಲಿ ಇಳಿದು ಮೊದಲು ಠಾಣೆಗೆ ಹೋದೆವು. ಪರದೇಶದ ವಿದ್ಯಾರ್ಥಿ ಬೇರೆ ಊರಿನಲ್ಲಿ ತಂಗುವುದಾದರೆ ಅಲ್ಲಿಯ ಪೊಲೀಸರಿಗೆ ತಿಳಿಸಬೇಕಿತ್ತು. ಅವನು ದೇಶದಲ್ಲಿ ಇರುವ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಪರೀಕ್ಷೆಯವರೆಗೆ ಮುಂದುವರಿಸಬೇಕಾದರೆ, ಇವನ ನಡತೆ ಸರಿ ಇದೆ, ಇವನು ದುಡಿಮೆಗೆ ನಿಂತಿಲ್ಲ ಎಂದು ಇಲ್ಲಿಂದ ಜಿಲ್ಲೆಗೆ ವರದಿ ಹೋಗಬೇಕಿತ್ತು. ಅದನ್ನು ಕಳಿಸಬೇಕಾದವರು ಒಬ್ಬ ದಫೇದಾರರು. ಭಾರಿ ಮೀಸೆ, ಭಾರಿ ಬೂಟು. ನಿಯಮ ಎಂದರೆ ಅವರಿಗೆ ಊಟಕ್ಕಿಂತ ರುಚಿ.

ನಾವು ಹೋದಾಗ ಒಬ್ಬ ಪೊಲೀಸಪ್ಪ ಬೆಂಚೊಂದನ್ನು ಹೊರಗೆ ಎಳೆಯಲು ಒದ್ದಾಡುತ್ತಿದ್ದ. ವಿದ್ಯಾರ್ಥಿ ಅದನ್ನು ಒಂದೇ ಕೈಯಲ್ಲಿ ಎತ್ತಿ ಹೊರಗಿಟ್ಟ. ದಫೇದಾರರು ಮೆಚ್ಚಿ ಚಹಾ ತರಿಸಿದರು. ಕಪ್ಪು ಅವನ ಕೈಗೆ ಹೋಗುವ ಮೊದಲು ತಡೆದರು.

"ನಿಂದ್ರಪಾ. ಬೆಂಚ್ ಎತ್ತಿದ್ದಕ್ಕ ಚಹಾ ಕೊಟ್ಟಂಗ ಆಗತೈತಿ. ಬೆಂಚ್ ಮೊದಲಿದ್ದಲ್ಲೆ ಇಟ್ಟ ಬಾ."

ಅವನು ಬೆಂಚನ್ನು ಒಳಗೆ ಇಟ್ಟು ಬಂದ. ಆಮೇಲೆ ಚಹಾ ಕುಡಿದೆವು. ಬೆಂಚು ಒಳಗೆ ಹೋದುದರಿಂದ ನಿಂತುಕೊಂಡೇ ಕುಡಿದೆವು.

"ನೋಡ್ರಿ," ಎಂದು ದಫೇದಾರರು ನನಗೆ ಹೇಳಿದರು. "ಇಂವ ಓದಾಕ ಬಂದಾನ. ಓದಿನ ಭಾಗ ಅಂತ ಕಾಲೇಜಿನವರು ಹೇಳಿ ಕಳಿಸಿದ ಕೆಲಸಾ ಮಾಡಬಹುದು. ನಟ್ಟಿ ಮಾಡ್ಲಿ, ಕೊಯ್ಲಿ, ಒಕ್ಲಿ. ಆದ್ರ ಅದಕ್ಕ ಬದಲಿಯಾಗಿ ಏನೂ ಮುಟ್ಟಬಾರ್ದು. ರೊಕ್ಕ ಮುಟ್ಟಬಾರ್ದು, ಕಾಳು ಮುಟ್ಟಬಾರ್ದು, ಅರಿವಿ ಮುಟ್ಟಬಾರ್ದು."

"ಊಟ?" ಎಂದು ನಾನು ಕೇಳಿದೆ.

ದಫೇದಾರರು ಮೀಸೆಯ ತುದಿ ಕಚ್ಚಿ ಯೋಚಿಸಿದರು. "ಹಸದ್ರ ಊಟ. ದುಡದ್ರ ಅಲ್ಲ."

"ಹಸ್ಕೊಂಡೇ ಇರ್ತೇನ್ರಿ," ಎಂದ ವಿದ್ಯಾರ್ಥಿ.

ತಿಳವಳ್ಳಿಯಲ್ಲಿ ಅವನನ್ನು ಹಾಕಿದ್ದು ಆಯಿಯ ಹೊಲಕ್ಕೆ, ಆ ಕಣದ ಒಡತಿ ಅವಳೇ. ಊರಿಗೆಲ್ಲ ಅವಳು ಆಯಿ. ರಟ್ಟೀಹಳ್ಳಿ ಅವಳ ತವರು, ಹಟವನ್ನೂ ಅಲ್ಲಿಂದಲೇ ತಂದಿದ್ದಳು. ಮನೆಯಲ್ಲಿ ಅವಳೂ ಸೊಸೆಯೂ ಮುಖ್ಯ, ಗಂಡಸರು ಹೇಳಿದ್ದನ್ನು ಮಾಡುವವರು. ದಫೇದಾರರ ಮಾತನ್ನು ನಾನು ಆಯಿಗೆ ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ದುಡದಾಂವ್ಗ ಕೊಡಬಾರದು ಅಂತ ಯಾವ ದೊಡ್ಡಾಂವ ಮಾಡ್ಯಾನ್ರಿ ಕಾನೂನು?"

"ಪರದೇಶದವರು ದುಡ್ಯಾಕ ನಿಂತ್ರ ಇಲ್ಲಿಯವರ ಕೂಲಿ ಹೋಗತೈತಿ ಅಂತ, ಆಯಿ."

"ಇವನಿಂದ ಯಾರ ಕೂಲೀನೂ ಹೋಗಂಗಿಲ್ಲ ಬಿಡ್ರಿ," ಎಂದಳು ಸೊಸೆ. "ನಿನ್ನೆ ಎತ್ತು ಹೊಡೀ ಅಂದೆ. ಎತ್ತು ಮುಂದ, ಇಂವ ಹಿಂದ. ಮನೀತನಕಾ ಎತ್ತೇ ಇವನ್ನ ಕರ್ಕೊಂಡ ಬಂತು."

ವಿಷಯ ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಕಡೆ ಒಂದು ನಡಾವಳಿ ಇದೆ. ಕಣದಲ್ಲಿ ಎತ್ತು ತಿರುಗಿಸಿ ಹಂತಿ ತುಳಿಸಿದವರು, ತೂರಿದವರು, ರಾಶಿಗೆ ಕೈ ಹಚ್ಚಿದವರು ಯಾರೂ ಬರಿಗೈಯಲ್ಲಿ ಕಣ ದಾಟಿ ಹೋಗಬಾರದು. ಹೋದರೆ ರಾಶಿ ಹುಲುಸಾಗುವುದಿಲ್ಲ. ಮುಂದಿನ ವರ್ಷದ ಬೆಳೆಯೂ ಮುನಿಸಿಕೊಳ್ಳುತ್ತದೆ. ಆಯಿಗೆ ಇದು ನಂಬಿಕೆಯಲ್ಲ, ಲೆಕ್ಕ. ಎಷ್ಟೋ ವರ್ಷ ಅವಳ ಕಣದಿಂದ ನಾಯಿಯೂ ಬರಿಬಾಯಲ್ಲಿ ಹೋದದ್ದಿಲ್ಲ.

ಮಧ್ಯಾಹ್ನದ ರೊಟ್ಟಿ ತಿನ್ನುವಾಗ ಎಲ್ಲರೂ ಸೇರಿ ಉಪಾಯ ಹುಡುಕಿದರು.

"ಬೀಗಾ ಅನ್ರಿ ಇವನ್ನ," ಎಂದಳು ಸೊಸೆ. "ಬೀಗರಿಗೆ ಕೊಡೂದು ಕೂಲಿ ಅಲ್ಲ."

"ಬೀಗರು ಕಣದಾಗ ಕೆಲಸಾ ಮಾಡಿದ್ದು ಎಲ್ಲೆ ಕಂಡೀಯ?" ಎಂದಳು ಆಯಿ. "ಪೊಲೀಸರು ಅಷ್ಟ ದಡ್ಡರೇನು?"

"ಹಂಗಾದ್ರ ಮುಯ್ಯಿ. ಇಂವ ನಮ್ಮ ಹೊಲಕ್ಕ ಬಂದ, ನಾವು ಇವನ ಹೊಲಕ್ಕ ಹೋಗೂದು. ಆಳಿಗೆ ಆಳು. ಕೊಡೂದೂ ಇಲ್ಲ, ತಗೊಳ್ಳೂದೂ ಇಲ್ಲ."

"ನಮ್ಮ ಹೊಲಕ್ಕ ಹಡಗದಾಗ ಹೋಗಬೇಕ್ರಿ," ಎಂದ ವಿದ್ಯಾರ್ಥಿ.

ಆಯಿ ಇನ್ನೊಂದು ರೊಟ್ಟಿ ಅವನ ಕೈಗೆ ಹಾಕಿದಳು. "ಹಡಗದಾಗ ಎತ್ತು ಹತ್ತಸ್ತಾರೇನು?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ಸೊಸೆಗೆ ಮತ್ತೊಂದು ಹೊಳೆಯಿತು. ಸುಗ್ಗಿಯಲ್ಲಿ ಕಣಕ್ಕೆ ಬೇಡಲು ಬರುವವರಿಗೆ ಒಂದು ಮೊರ ಹಾಕುವುದುಂಟು. ಅದು ದುಡಿಮೆಗೆ ಅಲ್ಲ. ಬೇಡಲು ಬಂದವನೆಂದು ಹೇಳಿಬಿಟ್ಟರೆ?

ಅವನ ಮುಖ ಸಪ್ಪಗಾಯಿತು. "ಬ್ಯಾಡ್ರಿ ಅಕ್ಕಾರ. ನಮ್ಮವ್ವಗ ಏನ್ ಹೇಳ್ಲಿ? ಓದಾಕ ಹೋಗಿ ಬೇಡೂದು ಕಲ್ತ ಬಂದೆ ಅನ್ಲೇನ್ರಿ?"

ಕೊನೆಗೆ ನಾನು ಅವನಿಗೆ ಹೇಳಿದೆ: ಕೊಡಲು ಬಂದರೆ ಒಲ್ಲೆ ಅನ್ನು, ಮುಗಿಯಿತು. ಅವನು ಒಪ್ಪಿದ. ಆದರೆ ನಮ್ಮ ಕಡೆ ಒಲ್ಲೆ ಎನ್ನುವುದು ತೆಗೆದುಕೊಳ್ಳುವುದರ ಮೊದಲ ಹೆಜ್ಜೆ. ಮರ್ಯಾದಸ್ಥರು ಮೊದಲು ಒಲ್ಲೆ ಎನ್ನುತ್ತಾರೆ, ಆಮೇಲೆ ಯಾಕ್ರಿ ಎನ್ನುತ್ತಾರೆ, ಆಮೇಲೆ ಉಡಿ ಒಡ್ಡುತ್ತಾರೆ. ಅಡುಗೆಯವರ ಬಳಿ ಕಲಿತವನಾದ್ದರಿಂದ ಅವನ "ಸಾಕ್ರಿ, ಬ್ಯಾಡ್ರಿ" ಬಹಳ ಸೊಗಸಾಗಿತ್ತು. ಅವನು ಒಲ್ಲೆ ಎಂದಷ್ಟೂ ಆಯಿಗೆ, ಎಂಥಾ ಮನೆತನದ ಹುಡುಗನಪ್ಪಾ ಇವನು ಎನ್ನಿಸುತ್ತಿತ್ತು.

ಆ ಗುರುವಾರ ರಾಶಿಪೂಜೆ. ರಾಶಿ ಕಣದ ಒಂದು ಮಗ್ಗುಲಿಗೆ ಇತ್ತು. ಮೇಟಿಯ ಸುತ್ತ ಇನ್ನೊಮ್ಮೆ ತುಳಿಸಬೇಕಾದ ಹುಲ್ಲು ಹರಡಿತ್ತು. ಎತ್ತುಗಳನ್ನು ಹಗ್ಗ ಬಿಚ್ಚದೆ ಮೇಟಿಗೇ ಬಿಟ್ಟಿದ್ದರು. ಪೂಜೆ ಮುಗಿಸಿ ಆಯಿ ಎಲ್ಲರಿಗೂ ಮೊರದಲ್ಲಿ ಹಾಕುತ್ತ ಬಂದಳು. ಎಲ್ಲರೂ ಒಲ್ಲೆ ಎಂದು ತೆಗೆದುಕೊಂಡರು. ಇವನು ಒಲ್ಲೆ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಆಯಿ ಮುಂದೆ ಬಂದಳು. ಅವನು ಮತ್ತೆ ಸರಿದ. ಅವಳು ಮೊರವನ್ನು ಎದೆಗೆ ಅವುಚಿಕೊಂಡು ಹೆಜ್ಜೆ ಬಿರುಸು ಮಾಡಿದಳು. ಅವನು ತಿರುಗಿ ಓಡಿದ.

ಎಲ್ಲಿಗೆ ಓಡಬೇಕು? ಒಂದು ಕಡೆ ರಾಶಿ, ಅದನ್ನು ದಾಟಬಾರದು. ಇನ್ನೊಂದು ಕಡೆ ಬಣವೆ, ಅಲ್ಲಿ ನಾನು. ಉಳಿದದ್ದು ಮೇಟಿಯ ಸುತ್ತಲಿನ ದಾರಿ. ಅವನು ಅದನ್ನೇ ಹಿಡಿದ. ಹಿಂದೆ ಆಯಿ. ಎತ್ತುಗಳು ಇದನ್ನು ಸ್ವಲ್ಪ ನೋಡಿದವು. ಮೇಟಿಯ ಸುತ್ತ ಜನ ತಿರುಗಿದರೆ ಹಂತಿ ಶುರುವಾಯಿತೆಂದೇ ಅವುಗಳ ತಿಳಿವಳಿಕೆ. ಕೊರಳು ಕೊಡವಿ ಆಯಿಯ ಹಿಂದೆ ಅವೂ ಹೊರಟವು. ಸೊಸೆ ಸುಮ್ಮನಿರಬೇಕೋ ಬೇಡವೋ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಂತಿಯ ಪದ ಹಾಡತೊಡಗಿದಳು.

ಆಗ ಬದುವಿನ ಮೇಲೆ ದಫೇದಾರರು ಕಂಡರು. ಹುಡುಗ ಹೇಗಿದ್ದಾನೆಂದು ನೋಡಿ ಹೋಗಲು ಬಂದಿದ್ದರು. ನಾನು ಬಣವೆಗೆ ಇನ್ನಷ್ಟು ಒತ್ತಿಕೊಂಡು ನಿಂತೆ.

"ಏಯ್, ನಿಂದ್ರು. ಯಾಕ ಓಡಾಕತ್ತೀ?" ಎಂದರು ದಫೇದಾರರು.

"ಕೊಡಾಕ ಬಂದಾರ್ರಿ ಸಾಹೇಬ್ರ," ಎಂದ ಅವನು, ನಿಲ್ಲದೆ.

ಮುಂದಿನದನ್ನು ನಾನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲವೂ ಇದರ ಮೇಲೆ ನಿಂತಿತು. ದಫೇದಾರರು ಅವನನ್ನು ಹಿಡಿಯಲು ಕಣದ ಅಂಚಿಗೆ ಬಂದರು. ಬಂದು, ಕುಳಿತರು. ಬಲಗಾಲಿನ ಬೂಟಿನ ಲಾಡಿ ಬಿಚ್ಚಿದರು. ಆಮೇಲೆ ಎಡಗಾಲಿನದು. ಎರಡೂ ಬೂಟುಗಳನ್ನು ಜೋಡಿಸಿ ಅಂಚಿನಲ್ಲಿಟ್ಟರು. ಟೊಪ್ಪಿಗೆಯನ್ನು ಬೂಟಿನ ಮೇಲಿಟ್ಟರು. ಆಮೇಲೆ ಕಣಕ್ಕೆ ಇಳಿದು ಓಡಿದರು.

ಅವರು ಅದನ್ನು ಯೋಚಿಸಿ ಮಾಡಲಿಲ್ಲ. ಹಿರೇಕೆರೂರಿನ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಕೆರವು ಮೆಟ್ಟಿ ಕಣ ತುಳಿಯುವುದು ಆ ಕಾಲುಗಳಿಗೆ ಗೊತ್ತಿರಲಿಲ್ಲ, ಸರಕಾರ ಎಷ್ಟೇ ಬೂಟು ತೊಡಿಸಿದ್ದರೂ.

ಈಗ ಸಾಲು ಹೀಗಿತ್ತು: ಮುಂದೆ ವಿದ್ಯಾರ್ಥಿ, ಹಿಂದೆ ಆಯಿ, ಅವಳ ಹಿಂದೆ ಎತ್ತುಗಳು, ಎತ್ತುಗಳ ಹಿಂದೆ ದಫೇದಾರರು. ಎತ್ತುಗಳನ್ನು ದಾಟಿ ಮುಂದೆ ಹೋಗಲು ಅವರಿಗೆ ಆಗಲಿಲ್ಲ. ಒಮ್ಮೆ ಹಗ್ಗಕ್ಕೆ ಎಡವಿ ಒಂದು ಎತ್ತಿನ ಬಾಲ ಹಿಡಿದರು. ಎತ್ತು ಚುರುಕಾಯಿತು. ಎತ್ತಿಗೆ ಹೆದರಿ ಆಯಿ ಚುರುಕಾದಳು. ಸೊಸೆಯ ಪದವೂ ಚುರುಕಾಯಿತು. ಎಷ್ಟು ಸುತ್ತು ಎಂದು ನಾನು ಎಣಿಸಲಿಲ್ಲ, ಎಣಿಸುವ ಸ್ಥಿತಿಯಲ್ಲಿರಲಿಲ್ಲ.

ಎಲ್ಲರೂ ದಣಿದು ಒಟ್ಟಿಗೆ ನಿಂತರು. ಮೊರದಲ್ಲಿ ಭತ್ತ ಹಾಗೇ ಇತ್ತು. ಆಯಿ ಒಂದು ಕಾಳೂ ಚೆಲ್ಲಿರಲಿಲ್ಲ. ಅವಳು ಬಗ್ಗಿ ಕಾಲಡಿಯ ಹುಲ್ಲನ್ನು ಎತ್ತಿ ಕೊಡವಿ ನೋಡಿದಳು. ಕಾಳೆಲ್ಲ ಕೆಳಗಿಳಿದಿತ್ತು.

"ಹಂತಿ ಚಲೋ ಆಗೇತಿ," ಎಂದಳು. ಮೊರವನ್ನು ದಫೇದಾರರ ಕಡೆ ತಿರುಗಿಸಿದಳು. "ಹಿಡೀರಿ."

"ನನಗ್ಯಾಕ?"

"ಕಾಲ್ಮರಿ ಕಳದು ಕಣಕ್ಕ ಇಳದ್ರಿ. ಎತ್ತಿನ ಬಾಲಾ ಹಿಡದು ಹಂತಿ ತುಳಿಸಿದ್ರಿ. ಬೂಟ ಹಾಕ್ಕೊಂಡ ಬಂದಿದ್ರ ಪೊಲೀಸರು ಅಂತಿದ್ದೆ. ಈಗ ನೀವು ಒಕ್ಕಲಿಗ್ರು. ಬರಿಗೈಲೆ ಹ್ವಾದ್ರ ನನ್ನ ರಾಶಿ ಏನಾಗಬೇಕು?"

ದಫೇದಾರರು ತಮ್ಮ ಬರಿಗಾಲನ್ನು ನೋಡಿಕೊಂಡರು. ಆಗಲೇ ಅವರಿಗೆ ತಿಳಿದದ್ದೆಂದು ಕಾಣುತ್ತದೆ. "ನಾ ಸರಕಾರಿ ನೌಕರ, ಆಯಿ. ಕೆಲಸಕ್ಕ ಬಂದ ಊರಾಗ ಕಾಳು ತಗೊಂಡ್ರ ಲಂಚ ಆಗತೈತಿ."

"ಅವಂಗ ಕೊಟ್ರ ತಪ್ಪು, ನಿಮಗ ಕೊಟ್ರ ಲಂಚ. ನನ್ನ ಭತ್ತಕ್ಕ ಒಂದ ಚಲೋ ಹೆಸರ ಇಲ್ಲೇನ್ರಿ ನಿಮ್ಮ ಕಾನೂನಿನ್ಯಾಗ?"

ದಫೇದಾರರು ಹುಲ್ಲಿನ ಸಿವುಡಿನ ಮೇಲೆ ಕುಳಿತರು. ಕಾಲಿಗೆ ಭತ್ತದ ಸುಂಕು ಹತ್ತಿ ತುರಿಸುತ್ತಿತ್ತು. ತುರಿಸಿಕೊಳ್ಳುತ್ತ ಯೋಚಿಸಿದರು. ಅಲ್ಲಿಯವರೆಗೆ ಅವರು ಇನ್ನೊಬ್ಬರಿಗಾಗಿ ನಿಯಮ ನೋಡುತ್ತಿದ್ದರು. ಈಗ ತಮಗಾಗಿ ನೋಡಬೇಕಿತ್ತು, ಬಹಳ ಕಾಳಜಿಯಿಂದ ನೋಡಿದರು. ಬೀಗರು, ಮುಯ್ಯಿ, ಬೇಡುವುದು ಎಲ್ಲವನ್ನೂ ಸೊಸೆ ಅವರ ಮುಂದೆ ಇನ್ನೊಮ್ಮೆ ಇಟ್ಟಳು. ಬೇಡುವ ಮಾತಿಗೆ ದಫೇದಾರರು ಅವಳನ್ನು ದುರುಗುಟ್ಟಿ ನೋಡಿದರು.

ನಾನು ಹತ್ತಿರ ಹೋಗಿ ಮೆಲ್ಲನೆ ಕೇಳಿದೆ. "ಇದನ್ನ ಬರದು ಕಳಸ್ತೀರೇನ್ರಿ? ಹುಡುಗನ ಓದು ಹೋಗತೈತಿ."

"ಬರದ್ರ ನಾ ಬೂಟ್ ಯಾಕ ಕಳದೆ ಅಂತ ಮೊದಲ ಕೇಳ್ತಾರ," ಎಂದರು. ಆ ಮಾತಿನಿಂದ ಹುಡುಗನ ಓದು ಉಳಿಯಿತು. ಆದರೆ ಆಯಿ ಇನ್ನೂ ಮೊರ ಹಿಡಿದೇ ನಿಂತಿದ್ದಳು.

ಅವಳು ವಿದ್ಯಾರ್ಥಿಯನ್ನು ಕೇಳಿದಳು. "ನೀ ತಗೊಳ್ಳಂಗಿಲ್ಲ, ಆತು. ನಿನ್ನ ಪೈಕಿಯವರು ಈ ಕಡೆ ಯಾರರೆ ಅದಾರೇನೋ ತಮ್ಮಾ? ನಿನ್ನ ಪಾಲು ಅವರ ಬಾಗಲಕ್ಕ ಮುಟ್ಟಿಸ್ತೇನಿ."

"ಯಾರೂ ಇಲ್ರಿ ಆಯಿ," ಎಂದ. ಆಮೇಲೆ ತಡೆದು ಹೇಳಿದ. "ಸವಣೂರಾಗ ಐತ್ರಿ."

"ಯಾರು?"

"ಗಿಡ."

ಕಣದಲ್ಲಿ ಯಾರೂ ನಗಲಿಲ್ಲ. ಆಯಿ ತಲೆದೂಗಿದಳು. ಹಿಂದೆ ಯಾರೋ ಆಫ್ರಿಕದಿಂದ ತಂದು ನೆಟ್ಟ ಆ ಮರದ ಸುದ್ದಿಯನ್ನು ನಾನೇ ಮೊದಲು ಅವಳಿಗೆ ಹೇಳಿದ್ದೆ. ಎಲ್ಲರೂ ದಫೇದಾರರ ಕಡೆ ನೋಡಿದರು. ಅವರು ಮೀಸೆಯ ತುದಿ ಕಚ್ಚಿದರು.

"ಗಿಡ ಪರದೇಶದ್ದು, ಹೌದು," ಎಂದರು ಒಂದೊಂದೇ ಮಾತು ತೂಗಿ. "ಆದ್ರ ಅದು ವಿದ್ಯಾರ್ಥಿ ಅಲ್ಲ. ಓದಾಕ ಬಂದದ್ದಲ್ಲ. ಅದಕ್ಕ ಏನ್ ಕೊಟ್ರೂ ನಾವು ಕೇಳಂಗಿಲ್ಲ."

"ಕೆಲಸಾನೂ ಮಾಡಂಗಿಲ್ರಿ ಅದು," ಎಂದಳು ಸೊಸೆ. "ನಿಂತಿರತೈತಿ."

"ಮತ್ತೂ ಚಲೋ ಆತು. ನನ್ನ ಪಾಲೂ ಅದಕ್ಕ ಹಾಕ್ರಿ."

ಮರುದಿನ ಆಯಿ, ಸೊಸೆ, ವಿದ್ಯಾರ್ಥಿ, ನಾನು ಒಂದು ಗಂಟು ಭತ್ತ, ಒಂದು ಮೊರ ಹಿಡಿದು ಬಸ್ಸು ಹತ್ತಿದೆವು. ಹಾನಗಲ್ಲಿನಲ್ಲಿ ದಫೇದಾರರು ಧೋತರ ಉಟ್ಟು, ಚಪ್ಪಲಿ ಹಾಕಿಕೊಂಡು ಹತ್ತಿದರು. ರಜೆ ಹಾಕಿದ್ದರು. ಗಂಟು ದಾರಿಗೆ ಅಡ್ಡವಾಗಿತ್ತು.

"ಯಾರದಿದು?" ಎಂದ ಕಂಡಕ್ಟರ್.

"ಗಿಡದ್ದು," ಎಂದಳು ಆಯಿ.

ಕಂಡಕ್ಟರ್ ಗಂಟು ನೋಡಿದ, ಆಯಿಯನ್ನು ನೋಡಿದ, ದಫೇದಾರರ ಮೀಸೆ ನೋಡಿದ. "ಗಿಡಾ ಎಲ್ಲೆ ಇಳೀತೈತ್ರಿ?" ಎಂದು ಕೇಳಿದ.

"ಅದು ಇಳದು ಭಾಳ ವರ್ಷ ಆತು," ಎಂದರು ದಫೇದಾರರು.

ಸವಣೂರಿನಲ್ಲಿ ಮರದ ಬುಡಕ್ಕೆ ಆಯಿ ತನ್ನ ಕೈಯಾರೆ ಮೊರದಿಂದ ಸುರಿದಳು. ವಿದ್ಯಾರ್ಥಿ ಬೊಡ್ಡೆಗೆ ಅಂಗೈ ಊರಿ ತನ್ನ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿದ. ದಫೇದಾರರಿಗೆ ಸಂಶಯ ಬಂತು.

"ಏನ್ ಹೇಳ್ದಿ ಅದಕ್ಕ?"

"ಸುಮ್ನ ನಿಂತಿರು, ಯಾರರೆ ಕರದ್ರ ಕೆಲಸಕ್ಕ ಹೋಗಬ್ಯಾಡ ಅಂದೆರಿ."

ನಾವು ಇನ್ನೂ ಅಲ್ಲಿರುವಾಗಲೇ ಒಂದು ಆಡು ಬಂದು ಭತ್ತ ತಿನ್ನತೊಡಗಿತು. ಓಡಿಸಲು ಹೋದ ನನ್ನನ್ನು ಆಯಿ ತಡೆದಳು. ಮರಕ್ಕೆ ಕೊಟ್ಟಾಯಿತು, ಇನ್ನು ಮರ ಯಾರಿಗೆ ಕೊಡುತ್ತದೋ ಅದರ ಇಷ್ಟ ಎಂದಳು. ಆಡಿನ ಊರು ಯಾವುದೆಂದು ದಫೇದಾರರು ವಿಚಾರಿಸಲಿಲ್ಲ.

ಹುಡುಗ ಕಲಿಯುತ್ತಾನೆ, ದುಡಿಮೆಗೆ ನಿಂತಿಲ್ಲ ಎಂದು ಜಿಲ್ಲೆಗೆ ವರದಿ ಹೋಯಿತು. ಅವನಿಗೆ ಪರೀಕ್ಷೆಯವರೆಗೆ ಇರಲು ಅನುಮತಿ ಬಂತು. ಬರೆದ, ಪಾಸಾದ. ಹೊರಡುವ ಮೊದಲು ತಿಳವಳ್ಳಿಗೆ ಬಂದಿದ್ದ. ಓದು ಮುಗಿದಿದೆ, ಈಗ ಅವನು ವಿದ್ಯಾರ್ಥಿಯಲ್ಲ ಎಂದು ಆಯಿ ಮೊರ ತರಲು ಒಳಗೆ ಹೋದಳು. ಅವನು ನನ್ನ ಮುಖ ನೋಡಿದ. ನಾನು ಬಸ್ಸಿನ ಕಡೆ ಕೈ ಮಾಡಿದೆ. ಅವನು ಓಡಿ ಹತ್ತಿದ. ಹಡಗು ಹತ್ತುವವರೆಗೂ ಅವನು ಯಾರಿಂದಲೂ ಏನೂ ಮುಟ್ಟಲಿಲ್ಲವೆಂದು ನಾನು ನಂಬಿದ್ದೇನೆ, ಆದರೆ ಅದನ್ನು ನಾನು ಕಂಡಿಲ್ಲ.

ಆಯಿ ಈಗಿಲ್ಲ. ಕಣದಲ್ಲಿ ಅಂದು ಇದ್ದ ಈ ಕಡೆಯವರಲ್ಲಿ, ನನ್ನನ್ನು ಬಿಟ್ಟು, ಇಬ್ಬರು ಬದುಕಿದ್ದಾರೆ. ಒಬ್ಬಳು ಸೊಸೆ, ತಿಳವಳ್ಳಿಯಲ್ಲೇ ಇದ್ದಾಳೆ. ಈಗ ಊರಿಗೆಲ್ಲ ಅವಳೇ ಆಯಿ. ನಾನು ಬಣವೆಗೆ ಬೆನ್ನು ಕೊಟ್ಟು ನಿಂತಿರಲಿಲ್ಲ, ಬಣವೆಯ ಹಿಂದೆ ಅಡಗಿದ್ದೆ ಎಂದು ಅವಳು ಹೇಳುತ್ತಾಳೆ. ಅದು ಸುಳ್ಳು. ಇನ್ನೊಬ್ಬರು ದಫೇದಾರರು. ಶಿಗ್ಗಾವಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆ. ಹುಡುಗನ ಹಿಂದೆ ಓಡುವಾಗ ಬೂಟು ಕಳಚಿದ್ದು ಹೌದೇ ಎಂದು ದನಿ ಎತ್ತಿ ಕೇಳಿದರೆ, ನನ್ನನ್ನೇ ತಿಳಿಗೇಡಿಯಂತೆ ನೋಡಿ, "ಕಣದಾಗ ಬೂಟ್ ಹಾಕ್ಕೊಂಡ ಹೋಗ್ತಾರೇನ್ರಿ ಯಾರರೆ?" ಎನ್ನುತ್ತಾರೆ.